ಕಸ್ತೂರಕ್ಕ ಎಡಕ್ಕೆ ನೋಡುತ್ತಿದ್ದಳು

ನಮ್ಮೂರಲ್ಲಿ ಯಾರೂ ನಿಂತುಕೊಂಡು ಕಂಪ್ಯೂಟರ್ ಮುಟ್ಟುವುದಿಲ್ಲ. ಪ್ರೋಗ್ರಾಂ ಹ್ಯಾಂಗ್ ಆದರೆ ಅದರ ಮುಂದಿದ್ದವರೂ ಹ್ಯಾಂಗ್ ಆಗುತ್ತಾರೆ, ನಿಂತಿದ್ದರೆ ಬೀಳುತ್ತಾರೆ. ಅದಕ್ಕೇ ಇಲ್ಲಿನ ಕುರ್ಚಿಗಳಿಗೆಲ್ಲ ಎರಡೂ ಕಡೆ ಕೈ, ಹಿಂದೆ ಎತ್ತರದ ಬೆನ್ನು. ಬ್ಯಾಂಕಿನ ಕ್ಯಾಷಿಯರ್ ಬಾಯಿ ಅರ್ಧ ತೆರೆದು ಕೂತುಬಿಟ್ಟರೆ ಸಾಲಿನಲ್ಲಿದ್ದವರು ನೊಣ ಹೋಗದಂತೆ ಅವನ ಮುಖಕ್ಕೊಂದು ಕರವಸ್ತ್ರ ಹೊದಿಸಿ ಚಹಾ ಕುಡಿಯಲು ಹೋಗುತ್ತಾರೆ. ಒಬ್ಬಾಕೆ ಗಂಡನ ಗಡ್ಡ ಹೆರೆಯಲು ಕ್ಷೌರಿಕನನ್ನು ಆಫೀಸಿಗೇ ಕಳಿಸಿದ್ದಳು, ಅವತ್ತೊಂದು ದಿನವಾದರೂ ಆತ ತಲೆ ಅಲ್ಲಾಡಿಸದೆ ಕೂರುತ್ತಾನೆಂದು. ಹೊರಗಿನವರು ಬಂದು 'ಹ್ಯಾಂಗ ಹ್ಯಾಂಗ್ ಆದ್ರು?' ಎಂದು ಕೇಳಿದರೆ, 'ಹ್ಯಾಂಗರ ಆಗ್ಲಿ, ಎಬ್ಬಿಸೂದು ಹ್ಯಾಂಗ ಹೇಳ್ರಿ' ಅನ್ನುತ್ತೇನೆ ನಾನು.

ಎಬ್ಬಿಸುವ ದಾರಿ ಎರಡು. ಪ್ರೋಗ್ರಾಂ ಸರಿಹೋದರೆ ಮನುಷ್ಯನೂ ಬಿಟ್ಟ ಮಾತನ್ನು ಬಿಟ್ಟಲ್ಲಿಂದಲೇ ಮುಂದುವರಿಸುತ್ತಾನೆ. ಸರಿಹೋಗದಿದ್ದರೆ ಯಾರಾದರೂ 'ಕೊನೆಗೊಳಿಸು' ಒತ್ತಬೇಕು. ಆಗಲೂ ಏಳುತ್ತಾನೆ, ಆದರೆ ಕೊನೆಯ ಸಲ ಸೇವ್ ಮಾಡಿದ ಮೇಲೆ ನಡೆದದ್ದು ಯಾವುದೂ ಅವನ ತಲೆಯಲ್ಲಿರುವುದಿಲ್ಲ. ಹಾಗಾಗಿ ನಮ್ಮ ತಾಯಂದಿರು ಕೆಲಸಕ್ಕೆ ಹೊರಟ ಮಕ್ಕಳಿಗೆ 'ಹುಷಾರು' ಅನ್ನುವುದಿಲ್ಲ, 'ಸೇವ್ ಮಾಡ್ಕೋತ ಇರು' ಅನ್ನುತ್ತಾರೆ. ಮೂರನೆಯದೊಂದಿದೆ, ಅದನ್ನು ದಾರಿ ಅನ್ನಲಾಗದು: ಹ್ಯಾಂಗ್ ಆಗಿರುವಾಗಲೇ ಯಂತ್ರಕ್ಕೆ ಕರೆಂಟು ತಪ್ಪಿಹೋಗುವುದು. ಆಗ ಸೇವ್ ಮಾಡಿಟ್ಟಿದ್ದೂ ಹರಿದುಹೋಗಬಹುದು. ಕಂಪ್ಯೂಟರಿನಲ್ಲಿ ಗಿರಾಕಿಗಳ ಅಳತೆ ಬರೆದಿಡುವಾಗ ದರ್ಜಿ ಹುಸೇನಸಾಬರಿಗೆ ಹಾಗಾಯಿತು. ಕೈಚಳಕ ಹೋಗಲಿಲ್ಲ, ಎಡ ಬಲ ಹೋಯಿತು. ಈಗಲೂ ಅಂಗಿಗೆ ಎರಡೂ ಎಡತೋಳನ್ನೇ ಹಚ್ಚುತ್ತಾರೆ. ಅವರು ನೊಂದುಕೊಳ್ಳದಿರಲಿ ಅಂತ ನಾವು ಹಾಗೇ ತೊಟ್ಟುಕೊಳ್ಳುತ್ತೇವೆ.

ನನ್ನ ಹೆಸರು ಪಂಚಾಕ್ಷರಿ. ಸೀರೆಯ ಅಂಚಿನ ಚಿತ್ತಾರ ಬಿಡಿಸುವ ಪ್ರೋಗ್ರಾಂ ಬರೆದವನು ನಾನೇ. ನಮ್ಮದು ನೇಕಾರರ ಊರು. ಮೌನೇಶಪ್ಪ ಸಾವಕಾರರ ಕಟ್ಟಡದಲ್ಲಿ ಅಂಚು ಬಿಡಿಸುವವರು ಕೂರುತ್ತಾರೆ, ಅವರು ಬಿಡಿಸಿದ್ದು ಮಗ್ಗಕ್ಕೆ ಹೋಗುತ್ತದೆ. ಮೌನೇಶಪ್ಪ ಹೆಸರಿಗಷ್ಟೇ ಮೌನ. ಅವರ ಕೆಮ್ಮು ಮೂರು ಓಣಿ ದಾಟಿ ಬರುತ್ತದೆ. ಓದಿದ್ದು ಕಂಪ್ಯೂಟರ್ ಆದರೂ ನನಗೆ ಊರಲ್ಲಿ ಹೆಸರು ಬಂದದ್ದು ಅಣಕಿನಿಂದ. ಯಾರ ದನಿ ಬೇಕಾದರೂ ತೆಗೆಯುತ್ತೇನೆ. ಪ್ರೋಗ್ರಾಮಿಗೂ ನನ್ನ ಬಾಯಿಯದೇ ಸದ್ದು ಹಾಕಿದ್ದೆ. ಅಂಚಿಗೆ ಹೆಸರು ಕೊಡದೆ ಮುಂದೆ ಹೋದರೆ ಸಾವಕಾರರ ಕೆಮ್ಮು, ಇದ್ದ ಹೆಸರನ್ನೇ ಮತ್ತೆ ಕೊಟ್ಟರೆ ಕಾವಿಗೆ ಕೂತ ಕೋಳಿ, ಸೇವ್ ಆದರೆ ಲಾಳಿ ಓಡುವ ಸದ್ದು. ಒಂದು ದಿನ ಕೋಳಿಗೆ ಹೆದರಿ ಒಬ್ಬ ವ್ಯಾಪಾರಿ ಚಹಾ ಚೆಲ್ಲಿಕೊಂಡ ಮೇಲೆ ಸಾವಕಾರರು ಎಲ್ಲ ಯಂತ್ರಗಳ ಸದ್ದೂ ಅಡಗಿಸಿಬಿಟ್ಟರು.

ಕಸ್ತೂರಕ್ಕ ಅಲ್ಲಿನ ಅಂಚುಗಾರ್ತಿ. ಅವಳಿಗೂ ನನಗೂ ಒಂದೇ ಜಗಳ. ನಮ್ಮ ನೇಕಾರರಲ್ಲಿ ಕೊನೆಯ ಎಳೆ ಬೀಳುವವರೆಗೆ ಅಂಚಿಗೆ ಹೆಸರಿಡುವಂತಿಲ್ಲ, ಬಾಯಲ್ಲಿ ಅನ್ನುವಂತೆಯೂ ಇಲ್ಲ. ಪ್ರೋಗ್ರಾಮಿಗೋ ಹೆಸರಿಲ್ಲದೆ ಸೇವ್ ಮಾಡಲು ಬಾರದು. ಹಾಗಾಗಿ ಅಂಚು ಮುಗಿಯುವವರೆಗೆ ಅವಳು ಸೇವ್ ಮಾಡುತ್ತಲೇ ಇರಲಿಲ್ಲ, ಯಂತ್ರ ಆರಿಸುತ್ತಲೂ ಇರಲಿಲ್ಲ. 'ಏನೋ ಒಂದು ಸುಳ್ಳು ಹೆಸರು ಇಟ್ಟು ಸೇವ್ ಮಾಡಕ್ಕ, ಆಮ್ಯಾಲೆ ಬದಲಿ ಮಾಡೂನು' ಅಂದರೆ, 'ಹೊಟ್ಟ್ಯಾಗಿನ ಕೂಸಿಗೆ ಸುಳ್ಳು ಹೆಸರು ಇಟ್ಟು ಆಮ್ಯಾಲೆ ಬದಲಿ ಮಾಡ್ತಾರೇನೋ ಪಂಚಾ?' ಅನ್ನುತ್ತಿದ್ದಳು. ಸಾವಕಾರರದು ಇನ್ನೊಂದು ಹಟ: ಹೆಸರು ಕೇಳಿದ ಮೇಲೆ ಹಿಂದೆ ಸರಿಯುವುದು ಅಪಶಕುನ, ಆದ್ದರಿಂದ ಹೆಸರು ಕೇಳುವ ಪೆಟ್ಟಿಗೆಯಲ್ಲಿ 'ರದ್ದು' ಎಂಬ ಗುಂಡಿಯೇ ಇರಕೂಡದು. ನಾನೂ ತೆಗೆದುಹಾಕಿದ್ದೆ.

ಈ ಸಲದ ಅಂಚು ದೊಡ್ಡದು. ಅದನ್ನು ಅವಳು ಮಳೆಗಾಲಕ್ಕೆ ಮುಂಚೆ ಶುರುಮಾಡಿದ್ದಳು. ಬನಿ ಬಂದದ್ದು ಮಳೆ ಶುರುವಾದ ಮೇಲೆ. ಒಂಟಿ ಹೆಂಗಸು ಕಸ್ತೂರಕ್ಕ ಅನಾಥಾಲಯದಿಂದ ಕರೆದುಕೊಂಡು ಬಂದ ಹುಡುಗಿ ಅದು. ಹಾಲುಹಲ್ಲು ಇನ್ನೂ ಪೂರ್ತಿ ಬಿದ್ದಿರಲಿಲ್ಲ. ಬಂದ ದಿನ ಬಾಗಿಲಲ್ಲೇ ನಿಂತಿತು, ಒಳಗೆ ಬರಲಿಲ್ಲ. ಕಸ್ತೂರಕ್ಕ ಕರೆಯಲೂ ಇಲ್ಲ, ಎಳೆಯಲೂ ಇಲ್ಲ. ತಾನೂ ಹೊಸ್ತಿಲ ಮೇಲೆ ಕೂತು ಅಲ್ಲೇ ಊಟ ಬಡಿಸಿ ಅಲ್ಲೇ ಉಂಡಳು. ಮಳೆಗಾಲ ಪೂರ್ತಿ ಹುಡುಗಿ ಅವಳನ್ನು 'ಏನ್ರಿ' ಅಂತಲೇ ಕರೆಯುತ್ತಿತ್ತು. ನಾನು ಹೇಳುತ್ತಿರುವ ದಿನ ಬೆಳಿಗ್ಗೆ ಮೊದಲ ಸಲ 'ಅವ್ವಾ, ನನ್ನ ರಿಬ್ಬನ್ ಎಲ್ಲಿ?' ಅಂದಿತಂತೆ. ಕಸ್ತೂರಕ್ಕ ಅದನ್ನು ಹಾಲಿನವಳಿಗೆ ಹೇಳಿದಳು, ನನಗೆ ಹೇಳಿದಳು, ಸಾವಕಾರರಿಗೂ ಹೇಳಿದಳು. ರಿಬ್ಬನ್ ಸಿಕ್ಕಿತೇ ಎಂದು ಕೇಳಿದರೆ ಅದು ಅವಳಿಗೆ ನೆನಪಿರಲಿಲ್ಲ.

ಅವತ್ತು ಊರಲ್ಲಿ ಮದುವೆ. ನಮ್ಮಲ್ಲಿ ಮದುಮಗಳ ಸೀರೆಯ ಅಂಚನ್ನು ಉಡುವುದಕ್ಕೆ ಮುಂಚೆ ದೊಡ್ಡದಾಗಿ ಬೀಗರಿಗೆಲ್ಲ ತೋರಿಸಬೇಕು. ಅದಕ್ಕೆ ಅಂಚುಗಾರ್ತಿಯ ಮೇಜಿನಿಂದಲೇ ಒಂದು ಸ್ಕ್ರೀನು ಹೋಗಬೇಕು, ಬೇರೆಯದು ನಡೆಯದು. ಕಸ್ತೂರಕ್ಕನ ಮೇಜಿನ ಮೇಲೆ ಎರಡು ಸ್ಕ್ರೀನು. ಎಡಗಡೆಯದನ್ನು ಬೆಳಿಗ್ಗೆಯೇ ಅರಿಶಿನ ಹಚ್ಚಿ ಗಾಡಿಯಲ್ಲಿ ಹೊತ್ತೊಯ್ದಿದ್ದರು. ನಾನು ಮದುವೆಮನೆಯಲ್ಲಿ ಮೈಕು ಹಿಡಿದು, ಗಂಡಿನ ಸೋದರಮಾವನ ದನಿಯಲ್ಲಿ 'ಹೋಳಿಗಿ ಇಲ್ಲಿ ಬರಲಿಲ್ಲ' ಎಂದು ಹಂದರವನ್ನು ನಗಿಸುತ್ತಿದ್ದೆ. ಆಗ ಅಡುಗೆಯವರು ರುಬ್ಬುವ ಯಂತ್ರಗಳನ್ನೆಲ್ಲ ಒಮ್ಮೆಗೇ ಹಚ್ಚಿದರು. ಬೀದಿಯ ಕೊನೆಯ ಟ್ರಾನ್ಸ್‌ಫಾರ್ಮರ್ ಢಮ್ ಎಂದಿತು, ಮೈಕು ಸತ್ತಿತು. ಅಷ್ಟರಲ್ಲಿ ಕಟ್ಟಡದ ಕಸ ಹೊಡೆಯುವ ನೀಲವ್ವ ಬಂದು ನನ್ನ ತೋಳು ಹಿಡಿದಳು.

'ಕಸ್ತೂರಿ ಹ್ಯಾಂಗ್ ಆಗ್ಯಾಳ. ಕರೆಂಟ್ ಹೋಗೋಕ್ಕಿಂತ ಮೊದಲ ಆಗ್ಯಾಳ. ಈಗ ಡಬ್ಬಿ ಮ್ಯಾಲೆ ಐತಿ ಜೀವ.'

ಡಬ್ಬಿ ಅಂದರೆ ಮೇಜಿನ ಕೆಳಗಿನ ಯುಪಿಎಸ್. ನಾನು ಓಡಿ ಒಳಗೆ ಹೋದಾಗ ಅದು ಬಿಟ್ಟು ಬಿಟ್ಟು ಕೂಗುತ್ತಿತ್ತು. ಕಸ್ತೂರಕ್ಕ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಳು, ಬಲಗೈ ಮೌಸಿನ ಮೇಲೆ, ಕತ್ತು ಒಂದಿಷ್ಟು ಎಡಕ್ಕೆ. ಅವಳ ಎಡಕ್ಕೆ ಬನಿ ನಿಂತಿತ್ತು. ನೀಲವ್ವ ಮದುವೆಮನೆಯಿಂದ ತಂದುಕೊಟ್ಟ ಊಟದ ಎಲೆಯನ್ನು ಮೇಜಿನ ತುದಿಯಲ್ಲಿಟ್ಟುಕೊಂಡು, ಬೇಳೆಯಿಂದ ಮೆಂತ್ಯೆ ಸೊಪ್ಪನ್ನು ಒಂದೊಂದಾಗಿ ಹೆಕ್ಕಿ ಎಲೆಯ ಅಂಚಿಗೆ ಸಾಲಾಗಿ ಜೋಡಿಸುತ್ತಿತ್ತು. ಸೊಪ್ಪು ಅದಕ್ಕೆ ಸೇರದು, ಅನ್ನವನ್ನೂ ತಿನ್ನುತ್ತಿರಲಿಲ್ಲ. 'ಅವ್ವ ನನ್ನೇ ನೋಡಾಕತ್ತಾಳ. ಹಂಗs ನಿಂತೀನಿ' ಅಂದಿತು.

ಸಾವಕಾರರು ಗೋಡೆಗೆ ಒರಗಿ ನಿಂತಿದ್ದರು. 'ಜನರೇಟರ್ ತರಾಕ ಗಾಡಿ ಹೋಗೈತಿ. ಹೊಳಿ ದಾಟಿ ಬರಬೇಕು. ಡಬ್ಬಿ ಅಲ್ಲೀತನಕ ತಡಿಯಂಗಿಲ್ಲ.'

'ಮತ್ತ?'

'ಮತ್ತೇನು, ಮುಗಿಸಿಬಿಡೂನು. ಹುಸೇನನ ಹಂಗ ಆಗೂದು ಬ್ಯಾಡ. ಬೇಸಿಗಿತನಕದ್ದಾದರೂ ಉಳೀತೈತಿ ಅಕಿಗೆ.' ಒಮ್ಮೆ ಕೆಮ್ಮಿದರು. 'ನಾ ಕಟುಕ ಅಲ್ಲೋ ಪಂಚಾ. ನೀ ಹಂಗ ನೋಡಬ್ಯಾಡ.'

ಅವರು ಹೇಳಿದ್ದು ತಪ್ಪಾಗಿರಲಿಲ್ಲ. 'ಕೊನೆಗೊಳಿಸು' ಒತ್ತಿದರೆ ಕಸ್ತೂರಕ್ಕ ಮಳೆಗಾಲಕ್ಕೆ ಮುಂಚಿನ ಕಸ್ತೂರಕ್ಕನಾಗಿ ಏಳುತ್ತಾಳೆ, ಗಟ್ಟಿಯಾಗಿ, ಅಂಚು ಬಿಡಿಸುವ ಕೈ ಸಮೇತ. ಎದುರಿಗೆ ಮೆಂತ್ಯೆ ಹೆಕ್ಕುತ್ತ ನಿಂತ ಹುಡುಗಿ ಯಾರೆಂದು ಮಾತ್ರ ಗೊತ್ತಿರುವುದಿಲ್ಲ. ಮತ್ತೊಮ್ಮೆ ಪರಿಚಯ ಮಾಡಿಕೊಂಡರಾಯಿತು ಎಂದು ನಿಮಗನ್ನಿಸಬಹುದು. ಆ ಹುಡುಗಿ 'ಅವ್ವ' ಅನ್ನುವುದಕ್ಕೆ ಇಡೀ ಮಳೆಗಾಲ ಹಿಡಿದಿತ್ತು.

ಮುಗಿಸುವುದಕ್ಕೆ ಮನೆಯವರ ಒಪ್ಪಿಗೆ ಬೇಕು, ಅದು ನಮ್ಮೂರ ಕಟ್ಟಳೆ. ಕಸ್ತೂರಕ್ಕನಿಗೆ ಮನೆಯವರು ಅಂತ ಇದ್ದದ್ದು ಬನಿ ಒಂದೇ. ಸಾವಕಾರರು ಅದರ ಮುಂದೆ ಮೊಣಕಾಲೂರಿ ಕೂತರು. ಹುಡುಗಿಯೇ ಕೇಳಿತು: 'ಮುಗಿಸಿದ್ರ ನನ್ನ ಮರೀತಾಳೇನ್ರಿ?'

ಸಾವಕಾರರು ಹೆಗಲ ಮೇಲಿನ ಶಾಲು ಸರಿಮಾಡಿಕೊಂಡರು.

'ಮುಗಿಸದಿದ್ರ ಅಕಿನs ಅಕಿನ್ನ ಮರೀತಾಳೇನು?'

'ಆಗಬಹುದವ್ವ.'

ಬನಿ ಇನ್ನೊಂದು ಸೊಪ್ಪು ಹೆಕ್ಕಿ ಸಾಲಿಗೆ ಸೇರಿಸಿತು. 'ಹಂಗಾರ ಮುಗಸ್ರಿ. ನಾ ಮತ್ತ ಬಾಗಲದಾಗ ನಿಂದರ್ತೀನಿ.'

ನೀಲವ್ವ ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಹೋದಳು. ಸಾವಕಾರರು ಎದ್ದು ಮೇಜಿನ ಕಡೆ ನಡೆದರು. ಯುಪಿಎಸ್ಸಿನ ಕೂಗು ಅಷ್ಟರಲ್ಲಿ ಹತ್ತಿರ ಹತ್ತಿರ ಬರತೊಡಗಿತ್ತು. ಅದು ಒಂದೇ ಸಮನೆ ಕೂಗಲು ಶುರುಮಾಡಿತೆಂದರೆ ಆಮೇಲೆ ಒಂದು ಲೋಟ ನೀರು ಕುಡಿಯುವಷ್ಟೂ ಹೊತ್ತಿರುವುದಿಲ್ಲ.

'ಒಂದೇ ಸಮ ಕೂಗೂತನಕ ಕೊಡ್ರಿ ನನಗ' ಅಂದೆ. 'ಕೂಗಿದ ಕೂಡಲೇ ನೀವು ಒತ್ತ್ರಿ. ನಾ ಅಡ್ಡ ಬರಂಗಿಲ್ಲ.'

ಅವರು ನನ್ನ ಮುಖ ನೋಡಿದರು, ನಾನು ಯಾರ ದನಿಯಲ್ಲಿ ಮಾತಾಡುತ್ತಿದ್ದೇನೆ ಎಂದು. ನನ್ನದೇ ದನಿಯಾಗಿತ್ತು. ಕೈ ಹಿಂದಕ್ಕೆ ತೆಗೆದುಕೊಂಡರು.

ಮೊದಲು ಕಸ್ತೂರಕ್ಕನ ಹಣೆ ಮುಟ್ಟಿದೆ. ಪ್ರೋಗ್ರಾಂ ಒಂದೇ ಲೆಕ್ಕದಲ್ಲಿ ಗಾಣದೆತ್ತಿನಂತೆ ಸುತ್ತುತ್ತಿದ್ದರೆ ಹಣೆ ಸುಡುತ್ತಿರುತ್ತದೆ. ತಣ್ಣಗಿತ್ತು. ಅಂದರೆ ದುಡಿಯುತ್ತಿಲ್ಲ, ಕಾಯುತ್ತಿದೆ. ಯಾರನ್ನು ಕಾಯುತ್ತಿದೆ ಎಂದು ತಿಳಿದರೆ ಅರ್ಧ ಗೆದ್ದ ಹಾಗೆ. ಇಂಥ ಹೊತ್ತಿನಲ್ಲಿ ನನ್ನ ರೀತಿ ಒಂದೇ: ಪ್ರೋಗ್ರಾಮಿನ ಒಂದೊಂದು ಭಾಗಕ್ಕೂ ಒಂದೊಂದು ದನಿ ಕೊಟ್ಟು ಆಡಿಸುವುದು. ಯಾರು ಯಾರಿಗೆ ಉತ್ತರ ಕೊಡಲಿಲ್ಲ ಎಂಬುದು ಬಾಯಲ್ಲಿ ಆಡಿದಾಗ ಸಿಗುತ್ತದೆ. ಪ್ರಿಂಟರಿನ ಗೊಗ್ಗರು ದನಿ ತೆಗೆದೆ: 'ನನ್ನನ್ನ ಯಾರೂ ಕರ್ದಿಲ್ರಿ, ಮಲಗೀನಿ.' ನೋಡಿದರೆ ನಿಜ, ಅದರ ತಂತಿಯೂ ಸಿಕ್ಕಿಸಿರಲಿಲ್ಲ. ಮಗ್ಗಕ್ಕೆ ಬೇಕಾದ ರಟ್ಟಿನಲ್ಲಿ ಅಂಚಿನ ತೂತು ಕೊರೆಯುವ ಯಂತ್ರದ ಮೂಗಿನ ದನಿ: 'ಅಂಚು ಇನ್ನೂ ನನ್ನ ತನಕ ಬಂದಿಲ್ಲಪ್ಪ.' ಅದೂ ನಿಜ. ಹಳೆಯ ಅಂಚುಗಳ ಕಡತದ ದನಿಯಲ್ಲಿ 'ನನ್ನನ್ನ ಬ್ಯಾರೆ ಯಾರೋ ಹಿಡ್ಕೊಂಡಾರ' ಎಂದೆ. ಸಾವಕಾರರು ಕಸ್ತೂರಕ್ಕನ ಅಂಚುಗಳನ್ನು ತಮ್ಮ ಯಂತ್ರದಿಂದ ಕದ್ದು ನೋಡುವ ಚಟದವರು. ಕೇಳಿದೆ. 'ನಾ ಬೆಳಿಗ್ಗೆನs ಮುಚ್ಚೀನೋ' ಅಂದರು. ಕೂಗು ಇನ್ನೂ ಹತ್ತಿರವಾಯಿತು. ಸಾವಕಾರರ ಕೈ ಮತ್ತೆ ಮೇಜಿನ ಕಡೆ ಹೊರಟಿತು.

ಉಳಿದದ್ದು ಕಸ್ತೂರಕ್ಕನ ಪಾತ್ರ. ಅವಳನ್ನು ಅಣಕಿಸಲು ನನಗೆ ಮನಸ್ಸು ಬರಲಿಲ್ಲ, ಆದರೂ ಬೆನ್ನಿರುವ ಇನ್ನೊಂದು ಕುರ್ಚಿ ಎಳೆದು ಬಲಪಕ್ಕದಲ್ಲಿ ಅವಳ ಹಾಗೇ ಕೂತೆ. ಸ್ಕ್ರೀನಿನಲ್ಲಿ ಅಂಚು ಪೂರ್ತಿಯಾಗಿತ್ತು, ಕೊನೆಯ ಎಳೆಯೂ ಬಿದ್ದಿತ್ತು. ಅವಳ ದನಿಯಲ್ಲಿ, 'ಮುಗೀತಪ್ಪ, ಇನ್ನ ಹೆಸರಿಡೂನು' ಅಂದೆ. ಇಲ್ಲದ ಮೌಸಿನಿಂದ ಸೇವ್ ಒತ್ತಿದೆ. ಎಷ್ಟೋ ಸಲ ನೋಡಿದ್ದನ್ನು ಮೈ ತಾನಾಗಿಯೇ ಮಾಡಿತು. ನನ್ನ ಕತ್ತು ಎಡಕ್ಕೆ ತಿರುಗಿತು.

ಕಸ್ತೂರಕ್ಕನ ಆಚೆ ಬನಿ ಇತ್ತು. ಬನಿಯ ಹೊಟ್ಟೆಯ ಮುಂದೆ ಮೇಜು, ಮೇಜಿನ ಮೇಲೆ ಊಟದ ಎಲೆ, ಎಲೆಯ ಸುತ್ತ ಧೂಳಿನಲ್ಲಿ ಸ್ಕ್ರೀನಿನ ಕಾಲು ಇದ್ದ ಗುರುತು.

ಕಸ್ತೂರಕ್ಕ ಹುಡುಗಿಯನ್ನು ನೋಡುತ್ತಿರಲಿಲ್ಲ. ಹೆಸರು ಕೇಳುವ ಪೆಟ್ಟಿಗೆಯನ್ನು ಹುಡುಕುತ್ತಿದ್ದಳು.

ಆ ಪೆಟ್ಟಿಗೆ ಹಿಂದಿನ ಸಲ ಎಲ್ಲಿ ತೆರೆದಿತ್ತೋ ಅಲ್ಲೇ ತೆರೆಯಲಿ ಎಂದು ನಾನೇ ಬರೆದಿದ್ದೆ. ಆ ಜಾಗ ಇನ್ನೂ ಇದೆಯೇ ಎಂದು ನೋಡು ಅಂತ ಬರೆದಿರಲಿಲ್ಲ. ಅದು ಎಡಗಡೆಯ ಸ್ಕ್ರೀನಿನಲ್ಲೇ ತೆರೆದುಕೊಂಡಿತ್ತು. ಸ್ಕ್ರೀನು ಅರಿಶಿನ ಹಚ್ಚಿಸಿಕೊಂಡು ಮದುವೆಮನೆಯಲ್ಲಿ ಕೂತಿತ್ತು. ಯಾರಿಗೂ ಕಾಣದ ಜಾಗದಲ್ಲಿ ಪೆಟ್ಟಿಗೆ ಹೆಸರಿಗಾಗಿ ಕಾಯುತ್ತಿತ್ತು, ಅದಕ್ಕಾಗಿ ಪ್ರೋಗ್ರಾಂ, ಪ್ರೋಗ್ರಾಮಿಗಾಗಿ ಕಸ್ತೂರಕ್ಕ. ಹೊರಳಿ ಹೋಗಲು ರದ್ದು ಗುಂಡಿ ಇಲ್ಲ. ಕೀಲಿಮಣೆಯಿಂದ ಈಚೆಗೆ ಎಳೆದುಕೊಳ್ಳೋಣವೆಂದರೆ ಚಂದ ಕಾಣಲಿ ಅಂತ, ಹಿಡಿದು ಎಳೆಯುವ ಅದರ ತಲೆಪಟ್ಟಿಯನ್ನೇ ಬೋಳಿಸಿದ್ದೆ, ಹಿಡಿಯಲು ಜುಟ್ಟಿರಲಿಲ್ಲ. ಕುರುಡಾಗಿಯೇ ಹೆಸರು ಹೊಡೆಯಬೇಕು.

'ನನ್ನನ್ನ ಕಟ್ರಿ' ಅಂದೆ. ಹ್ಯಾಂಗ್ ಆದ ಪ್ರೋಗ್ರಾಮಿನ ಕೀಲಿ ಒತ್ತಿದವರೂ ಅದರ ಜೊತೆಗೇ ಹೋಗುವುದುಂಟು. ಸಾವಕಾರರು ಶಾಲು ತೆಗೆದು ನನ್ನ ಎದೆಯನ್ನು ಕುರ್ಚಿಗೆ ಬಿಗಿದರು. ಕಸ್ತೂರಕ್ಕನ ಮುಂದಿನ ಕೀಲಿಮಣೆಯನ್ನು ನಿಧಾನಕ್ಕೆ ನನ್ನ ಕಡೆ ಸರಿಸಿಕೊಂಡೆ. ಮೊದಲು ಅಡಗಿಸಿದ್ದ ಸದ್ದು ತೆರೆದೆ. ನನ್ನ ಊಹೆ ಸರಿಯಿದ್ದರೆ, ಏನೂ ಹೊಡೆಯದೆ ಎಂಟರ್ ಒತ್ತಿದಾಗ ಒಂದು ಸದ್ದು ಬರಬೇಕು. ತಪ್ಪಿದ್ದರೆ ನಾನೂ ಪಕ್ಕದಲ್ಲಿ ಗೊಂಬೆ. ಒತ್ತಿದೆ.

ಯಂತ್ರ ಕೆಮ್ಮಿತು.

ಸಾವಕಾರರು ಬಾಗಿಲ ಕಡೆ ತಿರುಗಿದರು. 'ಯಾರು ಬಂದ್ರು?'

'ನೀವೇರಿ' ಅಂದೆ. 'ಪೆಟಗಿ ಐತಿ ಅಲ್ಲೆ. ಹೆಸರು ಕೇಳಾಕತ್ತೈತಿ.'

ಅವರಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. 'ಮಗನ, ನನ್ನ ಕೆಮ್ಮ ಅದು' ಅಂದರು. ಆದರೆ ಮೌಸಿನಿಂದ ದೂರ ನಿಂತರು.

ತಲೆಗೆ ಬಂದ ಮೊದಲ ಹೆಸರು 'ಕಸ್ತೂರಿ', ಅದನ್ನೇ ಹೊಡೆದು ಎಂಟರ್ ಒತ್ತಿದೆ. ಕೋಳಿ ಕೊಕ್ಕರಿಸಿತು. ಆ ಹೆಸರಿನ ಅಂಚು ಮೊದಲೇ ಇತ್ತು. ಅವಳ ಹೆಸರಿನದು ಇಲ್ಲದಿರುತ್ತದೆಯೇ, ನನ್ನ ಬುದ್ಧಿಗಿಷ್ಟು. ಈಗ ಕಾಣದ ಆ ಜಾಗದಲ್ಲಿ, ಹಳೆಯದನ್ನು ಅಳಿಸಿ ಇದನ್ನು ಇಡಲೇ ಎಂದು ಇನ್ನೊಂದು ಪೆಟ್ಟಿಗೆ ಕೇಳುತ್ತಿರುತ್ತದೆ. ಎಂಟರ್ ಒತ್ತಿದರೆ ಅಳಿಸುತ್ತದೆ. ಹಳೆಯ ಅಂಚಿನ ಜೊತೆ ಆ ಕಾಲದ ಕಸ್ತೂರಕ್ಕನೂ ಅಳಿಯುತ್ತಾಳೆ. ಎಸ್ಕೇಪ್ ಒತ್ತಿದರೆ ಬೇಡ ಎಂದಂತೆ. ಹಾಗೆ ಬರೆದಿದ್ದೆನೇ, ಅಥವಾ ಬರೆಯುತ್ತೇನೆ ಅಂದುಕೊಂಡಿದ್ದೆನೇ? ಮೂಲೆಯ ಆ ಕೀಲಿಯ ಮೇಲೆ ಬೆರಳಿಟ್ಟುಕೊಂಡು ನೆನಪು ಮಾಡಿಕೊಂಡೆ. ಬರೆದಿದ್ದೆ. ಒತ್ತಿದೆ. ಖಾತ್ರಿಗೆಂದು ಮತ್ತೆ ಖಾಲಿ ಎಂಟರ್. ಕೆಮ್ಮು. ಹೆಸರಿನ ಪೆಟ್ಟಿಗೆಗೆ ವಾಪಸು ಬಂದಿದ್ದೆ.

ಯುಪಿಎಸ್ ಒಂದೇ ಸಮನೆ ಕೂಗತೊಡಗಿತು.

'ಪಂಚಾ' ಅಂದರು ಸಾವಕಾರರು. ಒಪ್ಪಂದ ಒಪ್ಪಂದವೇ. ಅವರ ಕೈ ಕಸ್ತೂರಕ್ಕನ ಕೈಯನ್ನು ಮೌಸಿನಿಂದ ಮೆಲ್ಲಗೆ ಎತ್ತಿತು.

'ಬನಿ, ಈ ಅಂಚಿಗೆ ನಿಮ್ಮವ್ವ ಏನ್ ಹೆಸರಿಡ್ತೀನಿ ಅಂದಿದ್ಲು?'

'ಹೇಳಬಾರದು ಅಂದಾಳ.' ಹುಡುಗಿ ತುಟಿ ಬಿಗಿಹಿಡಿಯಿತು. 'ಕೊನಿ ಎಳಿ ಬೀಳೂತನಕ ಯಾರಿಗೂ ಹೇಳಬಾರದು.'

'ಬಿದ್ದೈತಿ ನೋಡವ್ವ. ಅಲ್ಲಿ ನೋಡು.'

ಬನಿ ನಿಂತ ಜಾಗ ಬಿಟ್ಟು ಬಂತು. ಅವ್ವನ ನೋಟದಿಂದ ಆಚೆ ಸರಿಯಲು ಅದಕ್ಕೆ ಇಷ್ಟವಿರಲಿಲ್ಲ, ಆದರೂ ಬಂತು. ಬೆರಳಿನಿಂದ ಸ್ಕ್ರೀನಿನ ಮೇಲಿನ ಅಂಚನ್ನು ಆ ತುದಿಯಿಂದ ಈ ತುದಿಗೆ ಸವರಿ ಪರೀಕ್ಷೆ ಮಾಡಿತು. ಅಂಚಿನ ಉದ್ದಕ್ಕೂ ಬಾಗಿಲ ಚೌಕಟ್ಟುಗಳು, ಒಂದೊಂದು ಚೌಕಟ್ಟಿನ ಕೆಳಗೆ ಕೂತ ಎರಡು ಸಣ್ಣ ಆಕೃತಿಗಳು. ನನಗೆ ಆಗ ಕಂಡಿತು. ಸಾವಕಾರರ ಬೆರಳೂ ನಿಂತಿತ್ತು.

'ಹೊಸ್ತಿಲು' ಅಂತ ಹುಡುಗಿ ನನ್ನ ಕಿವಿಯಲ್ಲಿ ಹೇಳಿತು, ಸಾವಕಾರರಿಗೆ ಕೇಳಿಸದ ಹಾಗೆ.

ಹೊಡೆದೆ. ಎಂಟರ್. ಮೊದಲು ಏನೂ ಇಲ್ಲ, ಯುಪಿಎಸ್ಸಿನ ಕೂಗಷ್ಟೇ. ಆಮೇಲೆ ಯಂತ್ರದೊಳಗಿಂದ ನನ್ನದೇ ಬಾಯಿಯ ಲಾಳಿ ಟಕ್ ಎಂದು ಈ ಕಡೆಯಿಂದ ಆ ಕಡೆಗೆ ಓಡಿತು. ಅದು ಆ ಕಡೆ ಮುಟ್ಟುವ ಮುಂಚೆಯೇ ಸ್ಕ್ರೀನು ಕಪ್ಪಾಯಿತು, ಕೂಗು ನಿಂತಿತು.

ಕೋಣೆ ಎಷ್ಟು ನಿಶ್ಶಬ್ದವಾಯಿತೆಂದರೆ ಮದುವೆಮನೆಯ ಸನಾದಿ ಕೇಳಿಸಿತು. ಕರೆಂಟು ಹೋದದ್ದು ಸೇವ್ ಆದ ಮೇಲೆಯೋ ಮುಂಚೆಯೋ ನನಗೂ ಗೊತ್ತಿರಲಿಲ್ಲ. ಕಸ್ತೂರಕ್ಕನ ಕೈ ಇನ್ನೂ ಸಾವಕಾರರ ಕೈಯಲ್ಲಿತ್ತು. ಅವಳು ಕಣ್ಣು ಮಿಟುಕಿಸಿದಳು. ಅರ್ಧಕ್ಕೆ ನಿಂತಿದ್ದ ಕತ್ತು ಪೂರ್ತಿ ಎಡಕ್ಕೆ ತಿರುಗಿತು. ಅಲ್ಲಿ ಸ್ಕ್ರೀನೂ ಇರಲಿಲ್ಲ, ಬನಿಯೂ ಇರಲಿಲ್ಲ. ಊಟದ ಎಲೆಯೊಂದೇ ಇತ್ತು. ಅದನ್ನು ನೋಡಿದಳು. ಈ ಕಡೆ ತಿರುಗಿ ನನ್ನನ್ನು ನೋಡಿದಳು, ಶಾಲಿನಲ್ಲಿ ಕಟ್ಟಿಹಾಕಿದ್ದನ್ನು ನೋಡಿದಳು, ನನ್ನ ಹಿಂದೆ ಅರ್ಧ ಅಡಗಿ ನಿಂತ ಹುಡುಗಿಯನ್ನು ನೋಡಿದಳು. ಆ ನೋಟದಲ್ಲಿ ನನಗೆ ಏನೂ ಓದಲಾಗಲಿಲ್ಲ.

'ಊಟ ಆತೇನು?' ಅಂದಳು.

ನಮ್ಮೂರಲ್ಲಿ ದಾರಿಹೋಕರನ್ನೂ ಹಾಗೇ ಕೇಳುತ್ತಾರೆ. ಬನಿ ನನ್ನ ಅಂಗಿಯ ಎರಡನೆಯ ಎಡತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಸಾವಕಾರರು ಬಂದ ಕೆಮ್ಮನ್ನು ತಡೆದು ಹಿಡಿದರು.

ಕಸ್ತೂರಕ್ಕ ಬಗ್ಗಿ ಎಲೆಯನ್ನು ತನ್ನ ಕಡೆ ಎಳೆದುಕೊಂಡಳು. ಅಂಚಿಗೆ ಸಾಲಾಗಿ ಜೋಡಿಸಿದ್ದ ಮೆಂತ್ಯೆ ಸೊಪ್ಪನ್ನೆಲ್ಲ ಒಟ್ಟುಮಾಡಿ ತಾನು ಬಾಯಿಗೆ ಹಾಕಿಕೊಂಡಳು, ದಿನಾ ಮಾಡುವ ಕೆಲಸದ ಹಾಗೆ. ಅಗಿಯುತ್ತಲೇ ಬೇಳೆ ಅನ್ನ ಕಲಸಿ ಒಂದು ತುತ್ತು ಕಟ್ಟಿದಳು.

'ಬಾ, ಈಗ ಸೊಪ್ಪಿಲ್ಲ' ಅಂದಳು.